ಜಾಮೀನು ಕಾಗದ ಯಾರನ್ನ ಕಾಯುತ್ತೆ?

ಮಾನ್ಯ ಸಂಪಾದಕರೇ,

ಕಂಟ್ರಾಕ್ಟರ್‌ಗಳ ಬಾಕಿ ಬಿಲ್ ಬಗ್ಗೆ ಪತ್ರಿಕೇಲಿ ಸುದ್ದಿ ಬರ್ತಾನೇ ಇರುತ್ತೆ, ಓದ್ತಾನೇ ಇರ್ತೀನಿ. ಆದ್ರೆ ಅದೇ ಕಂಟ್ರಾಕ್ಟರ್ ಒಂದು ಗುದ್ದಲಿ ಮಣ್ಣು ಎತ್ತೋಕೆ ಮುಂಚೇನೇ ಬ್ಯಾಂಕಲ್ಲಿ ಇಟ್ಟು ಕೂತಿರೋ ದುಡ್ಡಿನ ಬಗ್ಗೆ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ. ನಾನು 1984ರಲ್ಲಿ ಬ್ಯಾಂಕ್ ಸೇರಿ 2020ರಲ್ಲಿ ರಿಟೈರ್ ಆದವನು. ಅದ್ರಲ್ಲಿ 19 ವರ್ಷ ಗ್ಯಾರಂಟಿ ಟೇಬಲ್‌ನಲ್ಲೇ ಕಳೆದಿದ್ದೀನಿ, ಆಮೇಲೆ ಒಂದು ಇನ್ಶೂರೆನ್ಸ್ ಬ್ರೋಕರ್ ಹತ್ರ ಮೂರು ವರ್ಷ ಶ್ಯೂರಿಟಿ ಬಾಂಡ್, ಅಂದ್ರೆ ಬ್ಯಾಂಕ್ ಬದಲು ಇನ್ಶೂರೆನ್ಸ್ ಕಂಪನಿ ಬರೆದುಕೊಡೋ ಜಾಮೀನಿನ ಕೆಲಸ ನೋಡಿದ್ದೀನಿ. ಗ್ಯಾರಂಟಿ ಅಂದ್ರೆ ಈಗ ಎಲ್ರಿಗೂ ಗೃಹಲಕ್ಷ್ಮಿ, ಶಕ್ತಿ ಯೋಜನೆ ನೆನಪಾಗುತ್ತೆ, ನಾನು ಹೇಳ್ತಿರೋದು ಅದಲ್ಲ, ಛಾಪಾ ಕಾಗದದ ಮೇಲೆ ಬ್ಯಾಂಕ್ ಬರೆದುಕೊಡೋ ಜಾಮೀನು.

1872ರ ಕಾಂಟ್ರಾಕ್ಟ್ ಆಕ್ಟ್‌ನ 126ನೇ ಸೆಕ್ಷನ್‌ನಲ್ಲಿ ಜಾಮೀನು ಅಂದ್ರೆ ಮೂರು ಜನ. ಕೆಲಸ ಒಪ್ಪಿಕೊಂಡೋನು, ಕೆಲಸ ಕೊಟ್ಟೋನು, ಮಧ್ಯೆ ನಿಂತು ಇವನು ಮಾಡ್ದೇ ಹೋದ್ರೆ ನಾನಿದ್ದೀನಿ ಅನ್ನೋನು. ನಮ್ಮಲ್ಲಿ ಆ ಮೂರನೇ ಜಾಗದಲ್ಲಿ ಕೂತಿರೋದು ಬಹುಪಾಲು ಬ್ಯಾಂಕೇ. ಬ್ಯಾಂಕ್ ಗ್ಯಾರಂಟಿ ಕಾಗದದಲ್ಲಿ ಇಲಾಖೆ ಕೇಳಿದ ತಕ್ಷಣ ಮರುಮಾತಿಲ್ಲದೆ ಕೊಡ್ತೀವಿ ಅಂತ ಒಂದು ಸಾಲು ಇರುತ್ತೆ, ಯಾರದು ತಪ್ಪು ಯಾರದು ಸರಿ ಅಂತ ಕೇಳೋ ಹಕ್ಕು ನಮಗಿಲ್ಲ. ಮೋಸ ಆಗಿದೆ ಅಂತ ಗಟ್ಟಿಯಾಗಿ ತೋರಿಸಿದ್ರೆ, ಇಲ್ಲಾ ಮತ್ತೆ ಸರಿಮಾಡೋಕೇ ಆಗದಂಥ ನಷ್ಟ ಆಗುತ್ತೆ ಅಂದ್ರೆ ಮಾತ್ರ ಕೋರ್ಟ್ ತಡೆ ಕೊಡುತ್ತೆ, ಅದೂ ಅಪರೂಪ. ಹೀಗಿರೋವಾಗ ಬ್ಯಾಂಕ್ ಏನು ಮಾಡುತ್ತೆ, ಕೊಟ್ಟ ಮಾತಿಗೆ ಸರಿಯಾಗಿ ದುಡ್ಡು ಮೊದಲೇ ಇಡಿಸಿಕೊಳ್ಳುತ್ತೆ. ದೊಡ್ಡ ಕಂಪನಿಗಾದ್ರೆ ಬ್ಯಾಂಕ್ ಮೊದಲೇ ಒಪ್ಪಿದ ಲಿಮಿಟ್ ಇರುತ್ತೆ, ಗ್ಯಾರಂಟಿ ಮೊತ್ತದಲ್ಲಿ ಹತ್ತೋ ಹದಿನೈದೋ ಪರ್ಸೆಂಟ್ ದುಡ್ಡು ಮಾರ್ಜಿನ್ ಅಂತ ಇಟ್ರೆ ಕೆಲಸ ಆಗುತ್ತೆ. ಸಣ್ಣೋನಿಗೆ ಪೂರ್ತಿ ನೂರಕ್ಕೆ ನೂರು ಎಫ್‌ಡಿ. ನಾನೇ ಎಷ್ಟೋ ಜನಕ್ಕೆ ಹಾಗೆ ಹೇಳಿ ಕಳಿಸಿದ್ದೀನಿ.

ಒಬ್ಬರ ಕಥೆ ಹೇಳ್ತೀನಿ. ಚಳ್ಳಕೆರೆ ಕಡೆಯ ಕಂಟ್ರಾಕ್ಟರ್, ಚೆಕ್ ಡ್ಯಾಮ್, ಚರಂಡಿ, ಶಾಲಾ ಕೊಠಡಿ ಇಂಥವನ್ನ ಮಾಡ್ತಿದ್ರು. 40 ಲಕ್ಷದ ಒಂದು ಕೆಲಸಕ್ಕೆ 5 ಪರ್ಸೆಂಟ್ ಲೆಕ್ಕದಲ್ಲಿ 2 ಲಕ್ಷದ ಗ್ಯಾರಂಟಿ, ಅದಕ್ಕೆ 2 ಲಕ್ಷದ ಎಫ್‌ಡಿ ನಮ್ಮಲ್ಲಿ ಲೀನ್, ಅಂದ್ರೆ ನಾವು ಬಿಡೋವರೆಗೂ ಅವರು ಅದನ್ನ ಮುರಿಸೋ ಹಾಗಿಲ್ಲ. ಇಲಾಖೆ ಭದ್ರತೆಗೆ ಅಂತ ಬಿಲ್‌ನಲ್ಲಿ ಮುರ್ಕೊಳ್ಳೋ ಎಫ್‌ಎಸ್‌ಡಿ ಠೇವಣಿ ಬೇರೆ. ಕೆಲಸ ಮುಗೀತು, ರಿಪೇರಿ ಜವಾಬ್ದಾರಿಯ ಅವಧೀನೂ ಮುಗೀತು, ಒರಿಜಿನಲ್ ಗ್ಯಾರಂಟಿ ವಾಪಸ್ ಬಂದ್ರೆ ತಾನೇ ನಾನು ಎಫ್‌ಡಿ ಬಿಡೋದು, ಅದು ಬರಲೇ ಇಲ್ಲ. ಅವಧಿ ಮುಗಿಯೋಕೆ ಬಂದಾಗೆಲ್ಲ ಇಲಾಖೆಯಿಂದ ವಿಸ್ತರಿಸಿ ಇಲ್ಲಾಂದ್ರೆ ನಗದು ಮಾಡ್ಕೋತೀವಿ ಅಂತ ಪತ್ರ, ಇವರು ಬಂದು ಮತ್ತೆ ಛಾಪಾ ಕಾಗದ, ಮತ್ತೆ ಕಮಿಷನ್. ಹೀಗೆ ನಾಲ್ಕು ಸಲ ಆಯ್ತು. ಅವರ ಸ್ವಂತ ದುಡ್ಡು ನಮ್ಮಲ್ಲಿ ವರ್ಷಕ್ಕೆ 7 ಪರ್ಸೆಂಟ್ ಬಡ್ಡಿಗೆ ಮಲಗಿತ್ತು, ಆ ಮನುಷ್ಯ ಮಾತ್ರ ಸಿಮೆಂಟು ಕಬ್ಬಿಣ ತರೋಕೆ ಫೈನಾನ್ಸ್‌ನೋರ ಹತ್ರ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಗೊಂಡು ಓಡಾಡ್ತಿದ್ರು. ಅಂಥ ಕೆಲಸ ಒಟ್ಟಿಗೆ ನಾಲ್ಕೈದು ಕೈಯಲ್ಲಿದ್ರೆ ಎಷ್ಟು ದುಡ್ಡು ಕಟ್ಟಾಕಿ ಇಟ್ಟಂಗಾಯ್ತು ನೀವೇ ಲೆಕ್ಕ ಹಾಕಿ.

ಕೊನೆಗೊಂದು ಶನಿವಾರ ನಾನೇ ಅವರ ಜೊತೆ ಆ ಆಫೀಸಿಗೆ ಹೋದೆ, ಬ್ಯಾಂಕ್ ಕೆಲಸ ಅಂತಲ್ಲ, ಮನಸ್ಸು ತಡೀಲಿಲ್ಲ. ಕೇಸ್ ವರ್ಕರ್ ಬದಲಾಗಿದ್ರು, ಹಳಬರು ಬೀರುವಿನ ಬೀಗದ ಕೈ ಮಾತ್ರ ಕೊಟ್ಟು ಹೋಗಿದ್ರಂತೆ. ಕಬ್ಬಿಣದ ಬೀರು ತೆಗೆದ್ರೆ ಕೆಳಗಿನ ಅರೇಲಿ ಬಿಳಿ ಟ್ಯಾಗ್ ಹಾಕಿ ಕಟ್ಟಿದ ಒಂದು ಕಟ್ಟು, ಅದರಲ್ಲಿ ಗ್ಯಾರಂಟಿಗಳೇ ಗ್ಯಾರಂಟಿಗಳು, ಬೇರೆ ಬೇರೆ ಬ್ಯಾಂಕಿನವು, ಎಷ್ಟೋ ಅವಧಿ ಮುಗಿದವು, ಅಂಚೆಲ್ಲ ಗೆದ್ದಲು ಹಿಡಿದಿತ್ತು. ಇವರದ್ದು ಮಧ್ಯದಲ್ಲಿತ್ತು, ಕೆಳಗೆ ನನ್ನದೇ ಸಹಿ. ಯಾರೂ ಬೇಕು ಅಂತ ಇಟ್ಕೊಂಡಿದ್ದಲ್ಲ, ವಾಪಸ್ ಕೊಡೋದು ಯಾರ ಕೆಲಸಾನೂ ಆಗಿರಲಿಲ್ಲ ಅಷ್ಟೇ.

ಇನ್ನೊಂದು ಘಟನೆ ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತೆ. ಕ್ಲೇಮ್ ಕೊಡೋಕೆ ಕಡೇ ದಿನ, ಸಾಯಂಕಾಲ ನಾಲ್ಕೂವರೆಗೆ ಒಬ್ಬ ಅಟೆಂಡರ್ ಸೈಕಲ್‌ನಲ್ಲಿ ಬಂದು ಇನ್ವೊಕೇಶನ್ ಪತ್ರ, ಅಂದ್ರೆ ಗ್ಯಾರಂಟಿ ದುಡ್ಡು ಕೊಡಿ ಅಂತ ಇಲಾಖೆ ಬರೆದ ಪತ್ರ ಕೊಟ್ಟ. ಬಸ್ ನಿಲ್ದಾಣದ ಕಟ್ಟಡ ಅರ್ಧಕ್ಕೇ ಬಿಟ್ಟು ಕಂಟ್ರಾಕ್ಟರ್ ಕಾಣೆ. ಪತ್ರದಲ್ಲಿ ತಪ್ಪಿರಲಿಲ್ಲ, ಮೊತ್ತ ಸರಿ ಇತ್ತು, ಡಿಡಿ ಮಾಡಿ ಕಳಿಸಿದೆ. ಆಮೇಲಿನ ಸೋಮವಾರ ಬ್ರಾಂಚ್ ಮುಂದೆ ಒಬ್ಬ ಗಾರೆ ಮೇಸ್ತ್ರಿ, ಜಲ್ಲಿ ಹೊಡೆದ ಟ್ರ್ಯಾಕ್ಟರಿನೋನು, ಜೊತೆಗೆ ರಾಯಚೂರು ಕಡೆಯಿಂದ ಬಂದಿದ್ದ ನಾಲ್ಕು ಹೆಣ್ಣಾಳುಗಳು. "ಸಾರ್, ಅವನ ದುಡ್ಡು ಬ್ಯಾಂಕಲ್ಲಿತ್ತಂತೆ, ಗೌರ್ಮೆಂಟಿಗೆ ಕೊಟ್ರಂತೆ, ನಮ್ದು ಎಂಟು ವಾರದ ಬಟವಾಡೆ ಬಾಕಿ ಐತೆ, ಅದ್ರಾಗೆ ನಮಗೇನೂ ಬರಲ್ವ" ಅಂದ್ರು. ಬರಲ್ಲ ಅಂತ ಹೇಳ್ದೆ. ಆ ಕಾಗದದಲ್ಲಿ ಮೂರು ಜನರ ಹೆಸರಿತ್ತು, ಇವರದ್ದು ಎಲ್ಲೂ ಇರಲಿಲ್ಲ.

ಅಮೆರಿಕದಲ್ಲಿ ಇದಕ್ಕೆ 1935ರಲ್ಲೇ ಮಿಲ್ಲರ್ ಆಕ್ಟ್ ಅಂತ ಕಾನೂನು ಮಾಡಿದ್ದಾರೆ. ಫೆಡರಲ್ ಸರ್ಕಾರದ ದೊಡ್ಡ ಕಟ್ಟಡ ಕೆಲಸಕ್ಕೆ ಎರಡು ಬಾಂಡ್ ಕೊಡಬೇಕು, ಒಂದು ಕೆಲಸ ಮುಗಿಸ್ತೀನಿ ಅಂತ ಸರ್ಕಾರಕ್ಕೆ, ಇನ್ನೊಂದು ಪೇಮೆಂಟ್ ಬಾಂಡ್, ಅದು ಕೂಲಿಯವರಿಗೆ, ಸಾಮಾನು ಕೊಟ್ಟೋರಿಗೆ, ಸಬ್ ಕಂಟ್ರಾಕ್ಟರ್‌ಗೆ. ಸರ್ಕಾರಿ ಕಟ್ಟಡವನ್ನ ಜಪ್ತಿ ಮಾಡಿಸೋಕಾಗಲ್ಲ, ಹಾಗಾಗಿ ಅವರಿಗೆ ಈ ಬಾಂಡೇ ಆಧಾರ. ಇದನ್ನ ನಾನು ಮೊದಲು ಓದಿದ್ದು ರಿಟೈರ್ ಆದಮೇಲೆ, ಓದಿದಾಗ ಆ ಟ್ರ್ಯಾಕ್ಟರಿನೋನ ಮುಖ ಕಣ್ಮುಂದೆ ಬಂತು.

ನಮ್ಮಲ್ಲೂ ಬಾಗಿಲು ತೆರೆದಿದೆ, ಇಲ್ಲ ಅನ್ನಲ್ಲ. 2022ರ ಜನವರೀಲಿ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಶ್ಯೂರಿಟಿ ಇನ್ಶೂರೆನ್ಸ್‌ಗೆ ಗೈಡ್‌ಲೈನ್ ತಂತು, ಏಪ್ರಿಲ್ 1ರಿಂದ ಜಾರಿ. ಅದೇ ವರ್ಷದ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಅವರು ಸರ್ಕಾರಿ ಖರೀದಿಗೆ ಬ್ಯಾಂಕ್ ಗ್ಯಾರಂಟಿ ಬದಲು ಶ್ಯೂರಿಟಿ ಬಾಂಡ್ ಒಪ್ಪಿಕೊಳ್ತೀವಿ ಅಂದ್ರು, ಕೇಂದ್ರದ ಹಣಕಾಸು ನಿಯಮಗಳಿಗೂ ಅದನ್ನ ಸೇರಿಸಿದ್ರು, ಡಿಸೆಂಬರ್ 19ಕ್ಕೆ ಗಡ್ಕರಿಯವರು ಮೊದಲ ಪಾಲಿಸಿ ಬಿಡುಗಡೆ ಮಾಡಿದ್ರು. ಬಾಂಡ್ ಕೊಡೋದು ಇನ್ಶೂರೆನ್ಸ್ ಕಂಪನಿ, ಪ್ರೀಮಿಯಂ ಕಟ್ಟಿದ್ರೆ ಸಾಕು, ಎಫ್‌ಡಿ ಇಟ್ಟು ಕೂರಬೇಕಿಲ್ಲ ಅನ್ನೋದು ಅದರ ಉದ್ದೇಶ. ನಾನು ತುಂಬಾ ಆಸೆಯಿಂದಲೇ ಆ ಕೆಲಸಕ್ಕೆ ಸೇರಿದೆ.

ಆದ್ರೆ ಊರಿಗೆ ಬಂದು ನೋಡಿದ್ರೆ ನಾನು ನೋಡಿದ ಟೆಂಡರ್ ಕಾಗದಗಳಲ್ಲಿ ಡಿಡಿ, ಎಫ್‌ಡಿ, ಬ್ಯಾಂಕ್ ಗ್ಯಾರಂಟಿ ಅನ್ನೋ ಹಳೇ ಸಾಲೇ ಇತ್ತು. ಶ್ಯೂರಿಟಿ ಬಾಂಡ್ ತಗೊಂಡು ಹೋದ್ರೆ ಅಕೌಂಟ್ಸ್‌ನೋರು ಇದು ನಮ್ಮ ಫಾರ್ಮ್ಯಾಟ್‌ನಲ್ಲಿಲ್ಲ ಅಂತ ವಾಪಸ್ ಕಳಿಸೋರು, ನಾಳೆ ಆಡಿಟ್ ಬಂದ್ರೆ ಉತ್ತರ ಕೊಡಬೇಕಾದ್ದು ಅವರೇ, ಅವರನ್ನೂ ದೂರೋಕಾಗಲ್ಲ. ಇತ್ತ ಇನ್ಶೂರೆನ್ಸ್‌ನೋರು ಸಣ್ಣ ಕಂಟ್ರಾಕ್ಟರ್ ಅಂದ ಕೂಡ್ಲೇ ಕೊಲ್ಯಾಟರಲ್, ಅಂದ್ರೆ ಅಡ ಇಡೋಕೆ ಏನಿದೆ ಅಂತ ಕೇಳ್ತಾರೆ, ಹಂಗಾದ್ರೆ ಬ್ಯಾಂಕಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಶ್ಯೂರಿಟಿ ವ್ಯವಹಾರದಲ್ಲಿ ಹಳಬರು ಮೂರು ವಿಷಯ ನೋಡು ಅಂತಾರೆ, ಮನುಷ್ಯನ ನಡತೆ, ಕೆಲಸದ ತಾಕತ್ತು, ಬಂಡವಾಳ. ಮೊದಲೆರಡನ್ನ ಬ್ಯಾಲೆನ್ಸ್ ಶೀಟ್‌ನಲ್ಲಿ ನೋಡೋಕಾಗಲ್ಲ. ಸೈಟಿಗೆ ಹೋಗಬೇಕು, ಮೇಸ್ತ್ರೀನ ಕೇಳಬೇಕು, ಶನಿವಾರ ಬಟವಾಡೆ ಸರಿಯಾಗಿ ಆಗುತ್ತಾ, ಸಿಮೆಂಟ್ ಅಂಗಡೀಲಿ ಉದ್ರಿ ಎಷ್ಟಿದೆ, ಕೈಯಲ್ಲಿ ಈಗಾಗ್ಲೇ ಎಷ್ಟು ಕೆಲಸ ಇದೆ. ಆ ಚಳ್ಳಕೆರೆ ಕಂಟ್ರಾಕ್ಟರ್ ಒಂದು ವಾರವೂ ಬಟವಾಡೆ ತಪ್ಪಿಸಿದ್ದಿಲ್ಲ, ಹಂಗೆ ನೋಡಿದ್ರೆ ಅವರಿಗೆ ಎಫ್‌ಡಿ ಇಲ್ಲದೇನೇ ಬಾಂಡ್ ಸಿಗಬೇಕಿತ್ತು. ಬಸ್ ನಿಲ್ದಾಣ ಬಿಟ್ಟು ಓಡಿಹೋದೋನಿಗೆ ಎಫ್‌ಡಿ ಇದ್ರೂ ಬಾಂಡ್ ಸಿಗಬಾರದಿತ್ತು, ಅವನ ಕೈಯಲ್ಲಿ ಆಗ ಒಟ್ಟಿಗೆ ಆರು ಕೆಲಸ ಇತ್ತು, ನಾವು ಯಾರೂ ಕೇಳ್ಲೇ ಇಲ್ಲ, ದುಡ್ಡು ಇಟ್ಟಿದ್ದ, ಬರೆದುಕೊಟ್ವಿ. ಅದು ನನ್ನದೇ ತಪ್ಪು ಅಂತ ಇವತ್ತು ಒಪ್ಪಿಕೊಳ್ತೀನಿ.

ಸರ್ಕಾರದಲ್ಲಿರೋರಿಗೆ ನನ್ನ ಬೇಡಿಕೆ ಇಷ್ಟೇ. ರಾಜ್ಯದ ಎಲ್ಲ ಇಲಾಖೆ, ನಿಗಮಗಳ ಟೆಂಡರ್ ಕಾಗದದಲ್ಲೂ ಶ್ಯೂರಿಟಿ ಬಾಂಡ್ ಅನ್ನೋ ಪದ ಸೇರಿಸಿ, ತಾಲ್ಲೂಕು ಮಟ್ಟದ ಅಕೌಂಟ್ಸ್‌ನೋರಿಗೆ ಒಂದು ದಿನ ಕೂರಿಸಿ ಹೇಳಿಕೊಡಿ. ಅವಧಿ ಮುಗಿದ ಗ್ಯಾರಂಟಿನ 30 ದಿನದಲ್ಲಿ ವಾಪಸ್ ಕೊಡೋದು ಯಾರ ಜವಾಬ್ದಾರಿ ಅಂತ ಹೆಸರು ಬರೆದು ಆದೇಶ ಮಾಡಿ, 2022ರಿಂದ ಎಲೆಕ್ಟ್ರಾನಿಕ್ ಗ್ಯಾರಂಟಿ ಬಂದಿದೆ, ಅದನ್ನ ಬಳಸಿದ್ರೆ ಬೀರು ಹುಡುಕೋ ಕೆಲಸಾನೇ ಇರಲ್ಲ. ಕೂಲಿಯವರಿಗಾಗಿ ಪೇಮೆಂಟ್ ಬಾಂಡ್ ಒಂದನ್ನ ಒಂದೇ ಇಲಾಖೇಲಿ, ಒಂದೇ ಜಿಲ್ಲೇಲಿ ಆದ್ರೂ ಪರೀಕ್ಷೆ ಮಾಡಿ ನೋಡಿ. ಇದ್ರ ಬಗ್ಗೆ ಯಾವ ಆಫೀಸಿನೋರು ಕರೆದ್ರೂ ನನ್ನ ಖರ್ಚಲ್ಲೇ ಬಂದು ಕೂತು ಹೇಳಿಕೊಡೋಕೆ ತಯಾರಿದ್ದೀನಿ, ಹಳೇ ಡ್ರಾಫ್ಟ್‌ಗಳ ಫೈಲ್ ಇನ್ನೂ ಮನೇಲೇ ಇದೆ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ