ಅಲೆಯ ಎತ್ತರವೊಂದನ್ನೇ ಅಳೆದರೆ ಸಾಲದು

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಗೋವಾ ಪುಟದಲ್ಲಿ ಬಂದ, ಹಲಗೆಯ ಮೇಲೆ ನಿಂತು ಅಲೆಯೇರಿ ಸಾಗುವ ಸರ್ಫಿಂಗ್ ಕುರಿತ ವರದಿಯಲ್ಲಿ, ಮಳೆಗಾಲದ ಮೂರು ಮೀಟರ್ ಅಲೆಗಳು ಈ ಕ್ರೀಡೆಗೆ ಹೇಳಿ ಮಾಡಿಸಿದಂತಿರುತ್ತವೆ ಎಂಬ ಸಾಲೊಂದಿತ್ತು. ಹೊನ್ನಾವರದ ಅಳಿವೆಯ ಬಳಿ ಬೆಳೆದು, ಹದಿನೆಂಟು ವರ್ಷಗಳಿಂದ ಮಾಪುಸಾದಲ್ಲಿ ನೆಲೆಸಿ, ರಜೆಯ ಬೆಳಗುಗಳಲ್ಲಿ ಸರ್ಫಿಂಗ್ ಕಲಿಯುವ ಮಗಳನ್ನು ಮಾಂದ್ರೆಂ, ಅಶ್ವೇಮ್ ತೀರಗಳಿಗೆ ಕರೆದೊಯ್ಯುವ ನನಗೆ ಆ ಸಾಲು ಆತಂಕ ತಂದಿತು.

ಒಳ್ಳೆಯ ಅಲೆಯನ್ನು ಗುರುತಿಸಲು ಎತ್ತರಕ್ಕಿಂತ ಮೊದಲು ನೋಡಬೇಕಾದದ್ದು ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸಮಯ, ಅಂದರೆ ಅಲೆಯ ಅವಧಿ. ಆರು ಸೆಕೆಂಡಿಗೊಂದರಂತೆ ಬರುವ ಅಲೆಗಳ ನಡುವೆ ಆಳ ಸಮುದ್ರದಲ್ಲಿ ಸುಮಾರು 56 ಮೀಟರ್ ಅಂತರವಿದ್ದರೆ, ಹದಿನಾಲ್ಕು ಸೆಕೆಂಡಿಗೊಂದರಂತೆ ಬರುವವುಗಳ ನಡುವೆ 300 ಮೀಟರಿಗೂ ಹೆಚ್ಚು ಅಂತರವಿರುತ್ತದೆ. ಮೊದಲನೆಯವು ಹತ್ತಿರದ ಗಾಳಿ ಎಬ್ಬಿಸಿದ ಅಲೆಗಳು. ಎರಡನೆಯವು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಲ್ಲಿ ಹುಟ್ಟಿ, ಸಾವಿರಾರು ಕಿಲೋಮೀಟರ್ ಸಾಗುವ ದಾರಿಯಲ್ಲಿ ಒಂದರಿಂದೊಂದು ಬೇರ್ಪಟ್ಟು, ಸಾಲುಗಟ್ಟಿ ಬರುವಂಥವು. ಸರ್ಫರ್‌ಗಳು ಇವನ್ನು ಸ್ವೆಲ್ ಎನ್ನುತ್ತಾರೆ. ನಮ್ಮೂರ ಮೀನುಗಾರರಿಗೆ ಆ ಪದ ಗೊತ್ತಿರಲಿಲ್ಲ. ಆದರೆ ಅಳಿವೆ ದಾಟುವ ಮುನ್ನ ದೋಣಿ ನಿಲ್ಲಿಸಿ, ದೊಡ್ಡ ಅಲೆಗಳು ಒಂದರ ಹಿಂದೊಂದು ಹೋಗಿ ಮುಗಿಯುವ ತನಕ ಕಾಯಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಬಂದ ಅಲೆ ಸವಾರಿಗೆ ಒದಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನೀರಿನಡಿಯ ನೆಲ. ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ನೆಲ ಎಲ್ಲೆಡೆ ಒಂದೇ ಸಮನಾಗಿದ್ದರೆ ಅಲೆಯ ಉದ್ದಗಲವೆಲ್ಲ ಒಮ್ಮೆಲೇ ಕುಸಿದು ನೊರೆಯಾಗುವುದರಿಂದ, ಎಷ್ಟೇ ಎತ್ತರವಿದ್ದರೂ ಸವಾರನಿಗೆ ಓಡಲು ಜಾಗವೇ ಉಳಿಯುವುದಿಲ್ಲ. ಮರಳದಿಣ್ಣೆ ಓರೆಯಾಗಿ ಬಿದ್ದಿದ್ದರೆ ಮಾತ್ರ ಅಲೆ ಒಂದು ಕೊನೆಯಿಂದ ಮುರಿಯುತ್ತಾ ಹೋಗಿ, ಅದರ ಮುಂದೆ ನುಣುಪಾದ ಗೋಡೆಯೊಂದು ತೆರೆದುಕೊಳ್ಳುತ್ತದೆ. ನದಿಗಳು ಮರಳು ತಂದು ಸುರಿಯುವ ಅಳಿವೆಗಳ ಬಳಿ ಇಂಥ ದಿಣ್ಣೆಗಳು ಹೆಚ್ಚು; ಸರ್ಫಿಂಗ್‌ಗೆ ಹೆಸರಾದ, ಮಂಗಳೂರು ಬಳಿಯ ನಮ್ಮ ಸಸಿಹಿತ್ಲು ಇರುವುದು ಶಾಂಭವಿ, ನಂದಿನಿ ನದಿಗಳು ಕಡಲು ಸೇರುವಲ್ಲಿ. 2024ರ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆದ ತಹೀತಿಯ ತೆಅಹುಪೋದಲ್ಲಿ ಹವಳದ ದಿಬ್ಬವು ಆಳದಿಂದ ಥಟ್ಟನೆ ಮೇಲೇಳುವುದರಿಂದ ಅಲೆ ಸುರುಳಿಯಾಗಿ ಮಗುಚುತ್ತದೆ. ಗೋವಾದ ಮರಳಾದರೋ ಪ್ರತಿ ಮಳೆಗಾಲದಲ್ಲೂ ಸ್ಥಳ ಬದಲಿಸುತ್ತದೆ. ಹಾಗಾಗಿ ಹೋದ ವರ್ಷದ ಒಳ್ಳೆಯ ಜಾಗ ಈ ವರ್ಷವೂ ಒಳ್ಳೆಯದಾಗಿರುತ್ತದೆ ಎನ್ನುವಂತಿಲ್ಲ.

ಗಾಳಿಯ ಮಾತು ಚಿಕ್ಕದಾದರೂ ಬಿಡುವಂತಿಲ್ಲ. ಬೆಳಗಿನ ನೆಲಗಾಳಿ ಅಲೆಯ ಮುಖಕ್ಕೆ ಎದುರಾಗಿ ಬೀಸಿ, ಅದು ಬೇಗ ಬೀಳದಂತೆ ತಡೆದು ನಿಲ್ಲಿಸುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕಡಲಗಾಳಿ ಎದ್ದ ಕೂಡಲೇ ಅಲೆಗಳ ಎತ್ತರ ಹೆಚ್ಚಿ ಸರಾಸರಿ ಅವಧಿ ಇಳಿಯುವುದನ್ನು ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳೆದು ದಾಖಲಿಸಿದ್ದಾರೆ. ಅಂದರೆ, ಎತ್ತರ ಏರಿದಾಗಲೇ ಅಲೆ ಕೆಡುವುದೂ ಉಂಟು. ಜೂನ್ ಬಂದಿತೆಂದರೆ ನೈಋತ್ಯದ ಗಾಳಿ ಹಗಲೂ ರಾತ್ರಿಯೂ ದಡದತ್ತ ಬೀಸಿ, ಸ್ವೆಲ್‌ನ ಮೇಲೆ ಕಿರು ಅಲೆಗಳು ಅಡ್ಡಾದಿಡ್ಡಿಯಾಗಿ ಏರಿ, ನಡುವೆ ಒಳಸೆಳೆತಗಳು ಹುಟ್ಟುತ್ತವೆ. ಆ ದಿನಗಳಲ್ಲಿ ಜೀವರಕ್ಷಕರು ಕೆಂಪು ಬಾವುಟ ನೆಡುವುದು ಇದೇ ಕಾರಣಕ್ಕೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಕಡಲ ಸುದ್ದಿ ಬರೆಯುವಾಗ ಅಲೆಯ ಎತ್ತರದ ಜೊತೆಗೆ ಅವಧಿಯನ್ನೂ ಗಾಳಿಯ ದಿಕ್ಕನ್ನೂ ಮುದ್ರಿಸಿ. ಕಡಲ ಸ್ಥಿತಿಯ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಮುನ್ಸೂಚನೆಗಳಲ್ಲಿ ಇವು ದೊರೆಯುತ್ತವೆ. ಮಳೆಗಾಲದ ಅಲೆಗಳ ಬಗ್ಗೆ ಬಂದ ಆ ಸಾಲಿಗೆ ಒಂದು ತಿದ್ದುಪಡಿಯನ್ನು, ಇಲ್ಲಿಗೆ ಪ್ರವಾಸ ಬರುವ ಹುಬ್ಬಳ್ಳಿ, ಬೆಳಗಾವಿಯ ಹುಡುಗರ ಕಣ್ಣಿಗೆ ಬೀಳುವಂತೆ, ಮುಂದಿನ ವಾರದ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ,
ಮಾಪುಸಾ, ಗೋವಾ