ಕೆಮ್ಮು–ಜ್ವರ ಬಂದಾಗ ಮೂತ್ರದ ಕಡೆಗೂ ಗಮನ ಇರಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ನಮ್ಮೂರಲ್ಲಿ ಮನೆಗಿಬ್ಬರಿಗೆ ನೆಗಡಿ, ಕೆಮ್ಮು, ಜ್ವರ. ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಇಡುವುದಿಲ್ಲ. ನಾವೂ ಇಟ್ಟಿರಲಿಲ್ಲ. ಗಂಟಲಲ್ಲಿ ಶುರುವಾದ ಆ ಜ್ವರ ಐದೇ ದಿನದಲ್ಲಿ ನಮ್ಮ ಯಜಮಾನರ ಎರಡೂ ಕಿಡ್ನಿಗಳ ಕೆಲಸ ನಿಲ್ಲಿಸಿಬಿಟ್ಟಿತು. ಹೇಗಾಯಿತು ಎಂಬುದು ನಾಲ್ಕು ಮನೆಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಪಾಂಡವಪುರ ತಾಲ್ಲೂಕಿನಲ್ಲಿ ಒಂದು ಸಣ್ಣ ಆಲೆಮನೆ. ಪಾಕ ಹದಕ್ಕೆ ಬಂತೋ ಇಲ್ಲವೋ ನೋಡುವವರು ಯಜಮಾನರೇ, ಆ ಕೆಲಸ ಇನ್ನೊಬ್ಬರಿಗೆ ಬಿಡುವುದಿಲ್ಲ. ಅವರಿಗೆ 58 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಕಳೆದ ಜನವರಿಯಲ್ಲಿ ಸಂಕ್ರಾಂತಿ ಮುಗಿದ ವಾರ ಜ್ವರ ಹಿಡಿಯಿತು. ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. "ಸುಮ್ನಿರು, ಎರಡು ಮಾತ್ರೆ ನುಂಗಿದ್ರೆ ಬೆವರು ಬಿಟ್ಟು ಇಳೀತದೆ" ಎಂದು ಎರಡು ದಿನ ಕೊಪ್ಪರಿಗೆ ಮುಂದೆಯೇ ನಿಂತರು. ಕೆಳಗೆ ಕಬ್ಬಿನ ರಚ್ಚು ಧಗಧಗ ಉರಿಯುವ ಜಾಗ ಅದು. ಮೈಯಲ್ಲಿ 102 ಡಿಗ್ರಿ ಜ್ವರ. ಬಾಯಿ ರುಚಿ ಕೆಟ್ಟಿತ್ತು, ಅನ್ನ ಸೇರಲಿಲ್ಲ, ನೀರೂ ಬೇಡವೆಂದರು. ಮಂಚದ ಪಕ್ಕ ರಾತ್ರಿ ತುಂಬಿಸಿಟ್ಟ ಚೊಂಬು ಬೆಳಿಗ್ಗೆ ಹಾಗೇ ತುಂಬಿರುತ್ತಿತ್ತು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಮಾತ್ರೆ ತಂದದ್ದು ಒಂದು ಮೆಡಿಕಲ್ ಶಾಪಿನಿಂದ, ಚೀಟಿ ಇಲ್ಲದೆ. ಸಕ್ಕರೆ ಇದೆಯಾ, ಬಿ.ಪಿ. ಇದೆಯಾ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಮೂರು ಬಣ್ಣದ ಮಾತ್ರೆ, ದಿನಕ್ಕೆ ಮೂರು ಹೊತ್ತು. ಇದರ ಜೊತೆಗೆ ದಿನವೂ ನುಂಗುವ ಬಿ.ಪಿ. ಮಾತ್ರೆ ಇದ್ದೇ ಇತ್ತು.

ನಾಲ್ಕನೇ ದಿನಕ್ಕೆ ಜ್ವರ ತಗ್ಗಿತು. ಸದ್ಯ ಬದುಕಿದೆವು ಎಂದುಕೊಂಡೆ. ಅಂದು ಬೆಳಗಿನಿಂದ ಸಂಜೆಯವರೆಗೆ ಅವರು ಮೂತ್ರಕ್ಕೆ ಹೋದದ್ದು ಒಂದೇ ಸಲ. ಅದೂ ಕಾಫಿ ಡಿಕಾಕ್ಷನ್ ಬಣ್ಣ. ಉಷ್ಣ ಆಗಿದೆ ಎಂದು ಎಳನೀರು ಕೊಟ್ಟೆ. ಕಿಡ್ನಿ ನಿಂತಾಗ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ಎಂಬುದು ನನಗೆ ತಿಳಿದದ್ದು ಆಮೇಲೆ. ಮರುದಿನ ಪಾದ ಊದಿತು. ಚಪ್ಪಲಿ ಕಳಚಿದರೆ ಪಟ್ಟಿಯ ಗುರುತು ಒಂದು ಬೆರಳು ಆಳ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾರು ಮಾಡಿಕೊಂಡು ಮೈಸೂರಿಗೆ ಓಡಿದೆವು.

ಮೂಗಿನ ದ್ರವದ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂ ಜ್ವರ ಎಂದು ಬಂತು. ರಕ್ತದಲ್ಲಿ ಕ್ರಿಯಾಟಿನಿನ್ 6.4. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ಅದು, ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುತ್ತದೆ. ಅಕ್ಟೋಬರ್‌ನಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿದಾಗಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಟ್ಟಿದ್ದೆ, ಅದರಲ್ಲಿ 1.1 ಇತ್ತು. ಆ ಚೀಟಿ ನೋಡಿದ ಮೇಲೆಯೇ ಡಾಕ್ಟರಮ್ಮ, "ಹಾಗಾದ್ರೆ ಇದು ಹಳೇದಲ್ಲಮ್ಮ, ಈಗ ಆಗಿರೋದು. ಮನೇಲಿರೋ ಮಾತ್ರೆ ಎಲ್ಲಾ ತರಿಸಿ" ಎಂದರು. ಹಳೆಯ ಚೀಟಿಗಳನ್ನು ದಯವಿಟ್ಟು ಯಾರೂ ಎಸೆಯಬೇಡಿ.

ಆ ತಾಯಿ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಜ್ವರ, ಬೆವರಿನಿಂದ ಮೈಯಲ್ಲಿ ನೀರಿಳಿದಾಗ, ತನಗೆ ರಕ್ತ ತರುವ ಸಣ್ಣ ನಾಳವನ್ನು ಅಗಲ ಮಾಡಿಕೊಂಡು ಕಿಡ್ನಿ ಹೇಗೋ ಕೆಲಸ ಸಾಗಿಸುತ್ತದೆ. ನಾವು ಅಂಗಡಿಯಿಂದ ತಂದಿದ್ದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಆ ನಾಳ ಅಗಲವಾಗಲು ಬಿಡುವುದಿಲ್ಲ. ಯಜಮಾನರ ಬಿ.ಪಿ. ಮಾತ್ರೆಯಲ್ಲಿದ್ದ ಟೆಲ್ಮಿಸಾರ್ಟಾನ್ ರಕ್ತ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಅದೇ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ವಿ.ಸಿ. ನಾಲೆಯ ಬಯಲಲ್ಲಿ ಬೆಳೆದವಳು ನಾನು, ಕೇಳಿದ ಕೂಡಲೇ ಅರ್ಥವಾಯಿತು. ನೀರು ಬರುವ ತೂಬು ಮುಚ್ಚಿ, ಬಸಿಗಾಲುವೆಯ ಬಾಯಿ ತೆಗೆದರೆ ಗದ್ದೆಯಲ್ಲಿ ನೀರು ಎಲ್ಲಿ ನಿಂತೀತು?

ವೈರಸ್ಸಿನ ಪಾಲೂ ಇದೆ. ಈ ಜ್ವರದಲ್ಲಿ ಕೆಲವರಿಗೆ ಮಾಂಸಖಂಡವೇ ಒಡೆದು, ಅದರೊಳಗಿನ ಪ್ರೋಟೀನು ರಕ್ತಕ್ಕೆ ಸೇರಿ ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದಂತೆ. ಡಿಕಾಕ್ಷನ್ ಬಣ್ಣ ಅದರದ್ದೇ. ಕೊರೊನಾದಲ್ಲೂ ಆಸ್ಪತ್ರೆ ಸೇರಿದ ಬಹಳ ಜನರ ಕಿಡ್ನಿಗೆ ಪೆಟ್ಟು ಬಿದ್ದಿತ್ತು ಎಂದರು. ಆಗ ನಾವೆಲ್ಲ ಆಕ್ಸಿಜನ್ ಎಷ್ಟಿದೆ ಎಂದು ಬೆರಳಿಗೆ ಯಂತ್ರ ಹಾಕಿ ನೋಡಿದ್ದೇ ನೋಡಿದ್ದು. ಮೂತ್ರ ಎಷ್ಟು ಹೋಯಿತು ಎಂದು ಯಾರ ಮನೆಯಲ್ಲಿ ಕೇಳಿದರು?

ನಾಲ್ಕು ಸಲ ಡಯಾಲಿಸಿಸ್ ಆಯಿತು. ಹನ್ನೊಂದನೇ ದಿನ ಮನೆಗೆ ಬಂದೆವು. ಮೂರು ತಿಂಗಳಾದ ಮೇಲೆ ತಪ್ಪದೆ ಬರಬೇಕೆಂದು ಹೇಳಿದ್ದರು, ಏಪ್ರಿಲ್‌ನಲ್ಲಿ ಹೋದೆವು. ಕ್ರಿಯಾಟಿನಿನ್ 1.5ಕ್ಕೆ ಬಂದು ನಿಂತಿದೆ. ಹಳೆಯ 1.1ಕ್ಕೆ ಇಳಿದಿಲ್ಲ. ಇನ್ನು ವರ್ಷಕ್ಕೆ ಎರಡು ಮೂರು ಸಲವಾದರೂ ನೋಡಿಸುತ್ತಿರಬೇಕು.

ಬೆಂಗಳೂರಿಗೆ ಹೋಗುವಾಗ ರಾಮನಗರದಲ್ಲಿ ರಾಮದೇವರ ಬೆಟ್ಟ ಕಾಣುತ್ತದಲ್ಲ, ಅದು ರಣಹದ್ದುಗಳ ಧಾಮ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ದೇಶದ ತುಂಬ ಸತ್ತವು. ಅದಕ್ಕೇ 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಹದ್ದಿನ ಮೈ ಬೇರೆ, ಮನುಷ್ಯನ ಮೈ ಬೇರೆ, ಒಪ್ಪುತ್ತೇನೆ. ಮನುಷ್ಯರಿಗೆ ಆ ಔಷಧ ಬೇಕಾಗುವ ಸಂದರ್ಭಗಳೂ ಇವೆ. ಆದರೆ ಜ್ವರದಲ್ಲಿ ಬಳಲಿದ ಸಕ್ಕರೆ ಕಾಯಿಲೆಯವರ ಕೈಗೆ ಒಂದು ಪ್ರಶ್ನೆಯೂ ಇಲ್ಲದೆ ಅದನ್ನು ಕೊಡುವುದು ನ್ಯಾಯವೇ?

ಬಿ.ಪಿ. ಮಾತ್ರೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನೀವಾಗಿ ನೀವು ನಿಲ್ಲಿಸಬೇಡಿ. ಜ್ವರ ಬಂದು ಊಟ, ನೀರು ಸೇರದಿದ್ದರೆ ದಿನದ ಮಾತ್ರೆಗಳನ್ನು ಏನು ಮಾಡಬೇಕೆಂದು ಅಂದೇ ಡಾಕ್ಟರನ್ನು ಕೇಳಿ. ಜ್ವರಕ್ಕೆ ಹೇಳಿದಷ್ಟೇ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಹೃದಯದ ತೊಂದರೆ ಇದ್ದವರು ನೀರನ್ನೂ ಕೇಳಿಯೇ ಕುಡಿಯಬೇಕು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕಂತೆ, ಅದರ ಹೆಸರನ್ನೇ ನಾವು ಕೇಳಿರಲಿಲ್ಲ.

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಸಕ್ಕರೆ, ಬಿ.ಪಿ. ಇರುವವರು ಜ್ವರ, ಕೆಮ್ಮು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರು "ಜ್ವರ ಹೇಗಿದೆ" ಎನ್ನುವುದರ ಜೊತೆಗೆ "ಮೂತ್ರ ಸರಿಯಾಗಿ ಹೋಗ್ತಿದೆಯಾ, ಯಾವ ಬಣ್ಣ" ಎಂದೂ ಕೇಳಲಿ. ಔಷಧ ಅಂಗಡಿಗಳವರು ಮಾತ್ರೆಯ ಪಟ್ಟಿಯನ್ನು ಹೆಸರೇ ಹೋಗುವಂತೆ ಕತ್ತರಿಸಿ ಕೊಡುವುದನ್ನು ನಿಲ್ಲಿಸಬೇಕು. ನಾನು ಆಸ್ಪತ್ರೆಗೆ ತರಿಸಿದ ಪಟ್ಟಿಯ ತುಂಡಿನಲ್ಲಿ ಉಳಿದಿದ್ದದ್ದು ಹೆಸರಿನ ಕೊನೆಯ ನಾಲ್ಕಕ್ಷರ ಮಾತ್ರ. ಅದು ಯಾವ ಮಾತ್ರೆ ಎಂದು ಪತ್ತೆ ಹಚ್ಚಲು ಡಾಕ್ಟರಮ್ಮ ಅಂಗಡಿಗೇ ಫೋನು ಮಾಡಬೇಕಾಯಿತು. ಆ ತುಂಡು ಈಗಲೂ ನಮ್ಮ ಪ್ಲಾಸ್ಟಿಕ್ ಕವರಿನಲ್ಲಿ 6.4ರ ಚೀಟಿಯ ಜೊತೆಗಿದೆ.

ಇಂತಿ,
ಆಲೆಮನೆಯೊಂದರ ಒಡತಿ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ