ಯಾಘನ್ ಭಾಷೆ ಹೋಗಿದ್ದು ಅಜ್ಜಿ ತೀರ್ಕೊಂಡ ದಿನ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಚಿಲಿ ದೇಶದ ಕ್ರಿಸ್ಟಿನಾ ಕಾಲ್ದೆರೋನ್ ಅಜ್ಜಿ ಬಗ್ಗೆ ಯಾವ ಪೇಪರ್ ತೆಗೆದ್ರೂ ಅದೇ ಸಾಲು, 2022ರ ಫೆಬ್ರವರಿ 16ಕ್ಕೆ 93ನೇ ವಯಸ್ಸಲ್ಲಿ ತೀರ್ಕೊಂಡ್ರು, ದಕ್ಷಿಣ ಅಮೆರಿಕದ ತುತ್ತತುದಿಯ ಮೂಲನಿವಾಸಿಗಳ ಯಾಘನ್ ಭಾಷೆನ ತಾಯಿಭಾಷೆಯಾಗಿ ಮಾತಾಡ್ತಿದ್ದ ಕೊನೆಯವರು ಅವರೇ, ಅವರ ಜೊತೆ ಆ ಭಾಷೇನೂ ಹೋಯ್ತು ಅಂತ. ನನಗೇನೋ ಅದು ಅದಕ್ಕೂ ಮುಂಚೇನೇ ಹೋಗಿತ್ತು ಅನ್ಸುತ್ತೆ. ಮಾತು ಅಂದ್ಮೇಲೆ ಎದುರಿಗೆ ಇನ್ನೊಬ್ಬರು ಬೇಕಲ್ವಾ? ಅಕ್ಕ ಉರ್ಸುಲಾ 2003ರಲ್ಲಿ ಹೋದ್ರು, ಸಂಬಂಧಿ ಎಮೆಲಿಂಡಾ ಅಕುನ್ಯಾ 2005ರಲ್ಲಿ, ಆಮೇಲೆ ಹದಿನಾರು ವರ್ಷ ಈ ಅಜ್ಜಿಗೆ ತಾಯಿಭಾಷೇಲಿ ಸುಮ್ನೆ ಹರಟೆ ಹೊಡೆಯೋಕೆ ಒಂದು ಜೀವ ಇರ್ಲಿಲ್ಲ. ನಾವಾರಿನೋ ದ್ವೀಪದ ವಿಯಾ ಉಕಿಕಾ ಅನ್ನೋ ಪುಟ್ಟ ಕೇರಿಲಿ ಜೊಂಡು ಹೆಣೆದು ಬುಟ್ಟಿ ಮಾಡ್ತಿದ್ರು, ಮಕ್ಕಳು ಮೊಮ್ಮಕ್ಕಳು ಎಲ್ಲಾ ಇದ್ರು, ಮಾತು ಮಾತ್ರ ಸ್ಪ್ಯಾನಿಷ್.

ಮಕ್ಕಳಿಗೆ ಯಾಕೆ ಕಲಿಸ್ಲಿಲ್ಲ ಅಂತ ಕೇಳೋರನ್ನ ಕಂಡ್ರೆ ಸಿಟ್ಟು ಬರುತ್ತೆ. ದೋಣಿ ಒಳಗೇ ಬೆಂಕಿ ಕಾಪಾಡ್ಕೊಂಡು ಆ ಕೊರೆಯೋ ಸಮುದ್ರದಲ್ಲಿ ಬದುಕಿದ ಜನ ಇವರು, 19ನೇ ಶತಮಾನದ ನಡುವಲ್ಲಿ ಸುಮಾರು 3,000 ಜನ ಇದ್ರು ಅಂತ ಅಂದಾಜು. ಹೊರಗಿನವರು ಬಂದು ಅವರ ಊಟ ಆಗಿದ್ದ ಸೀಲ್, ತಿಮಿಂಗಿಲ ಎಲ್ಲಾ ಬೇಟೆಯಾಡಿ ಖಾಲಿ ಮಾಡಿದ್ರು, 1884ರಲ್ಲಿ ಅಲ್ಲೇ ಹತ್ತಿರದ, ಅರ್ಜೆಂಟೀನಾ ಕಡೆಯ ಉಶುವಾಯಾ ಊರಿಗೆ ದಡಾರ ಬಂದು ಮನೆಮನೆಗಳೇ ಬರಿದಾದ್ವು, ಉಳಿದವರನ್ನ "ಇಂಡಿಯನ್ನರು" (ಅಂದ್ರೆ ಅಮೆರಿಕದ ಮೂಲನಿವಾಸಿಗಳು) ಅಂತ ಕೀಳಾಗಿ ನೋಡಿದ್ರು. ಅಂಥ ಕಡೆ ಮಗು ಬಾಯಲ್ಲಿ ಆ ಮಾತು ಬರದಿದ್ರೇ ಒಳ್ಳೇದು ಅಂತ ಯಾವ ತಾಯಿಗಾದ್ರೂ ಅನ್ಸಲ್ವಾ?

ಥಾಮಸ್ ಬ್ರಿಡ್ಜಸ್ ಅನ್ನೋ ಇಂಗ್ಲಿಷ್ ಪಾದ್ರಿ ವರ್ಷಗಟ್ಟಲೆ ಕೂತು ಯಾಘನ್ ಭಾಷೆಯ ಸುಮಾರು 32,000 ಪದಗಳ ಡಿಕ್ಷನರಿ ಬರೆದ್ರು. ದೊಡ್ಡ ಕೆಲಸ, ಒಪ್ಕೋತೀನಿ. ಆದ್ರೆ ಅದು ಅಚ್ಚಾಗಿದ್ದು 1933ರಲ್ಲಿ, ಅಷ್ಟೊತ್ತಿಗೆ ಆ ಭಾಷೆ ಮಾತಾಡೋರು ಬೆರಳೆಣಿಕೆ ಮನೆಗಳಲ್ಲಿದ್ರು ಅಷ್ಟೇ.

ಇನ್ನೊಂದು ವಿಷಯ, ದಯವಿಟ್ಟು "ಜನಾಂಗವೇ ಅಳಿದುಹೋಯ್ತು" ಅಂತ ಹೆಡ್ಡಿಂಗ್ ಹಾಕ್ಬೇಡಿ. ಯಾಘನ್ ಜನ ಇದ್ದಾರೆ. ಅಜ್ಜಿ ಮಗಳು ಲಿಡಿಯಾ ಗೊನ್ಸಾಲೆಸ್ ಚಿಲಿಯ ಹೊಸ ಸಂವಿಧಾನ ಬರೆಯೋ ಸಭೆಗೆ 2021ರಲ್ಲಿ ಆಯ್ಕೆ ಆದ್ರು, ಮೊಮ್ಮಗಳು ಅಜ್ಜಿ ಪಕ್ಕ ಕೂತು ಕಥೆ, ಪದ ಎಲ್ಲಾ ಬರ್ಕೊಂಡು ಪುಸ್ತಕ ಮಾಡಿದ್ದಾರೆ.

ನಿಮ್ಮ ಹತ್ರ ಕೇಳೋದಿಷ್ಟೇ, ಇಂಥ ಭಾಷೆ ಮಾತಾಡೋರು ಇನ್ನೂ ಇಬ್ಬರು ಮೂವರು ಇರೋವಾಗ್ಲೇ ಬರೀರಿ. ಕಾಲ್ದೆರೋನ್ ಅಜ್ಜಿಗೆ ಸರ್ಕಾರ "ಜೀವಂತ ಮಾನವ ಸಂಪತ್ತು" ಅಂತ ಗೌರವ ಕೊಟ್ಟಿದ್ದು 2009ರಲ್ಲಿ. ಎಮೆಲಿಂಡಾ ಹೋಗಿ ಆಗ್ಲೇ ನಾಲ್ಕು ವರ್ಷ ಆಗಿತ್ತು.

ಇಂತಿ,
ನಿಮ್ಮ ಓದುಗ